ಸುಬ್ಬಿಯ ಹಸೆಗೆ ಐದು ವೋಲ್ಟು

ಬೆಳಿಗ್ಗೆ ಮಿಂದು, ತುಳಸಿಗೆ ಒಂದು ತಂಬಿಗೆ ನೀರೆರೆದು ಕೈಮುಗಿದ ಮೇಲೆ, ಸುಚಿತಾ ಅದೇ ತಂಬಿಗೆಯನ್ನು ಮತ್ತೊಮ್ಮೆ ತುಂಬಿಕೊಂಡು ಮನೆಯ ಹಿಂಬದಿಗೆ ಹೋಗುತ್ತಾಳೆ. ಅಲ್ಲಿ ಗೋಡೆಗೆ ತಾಗಿ, ಹಂಚಿನ ಚೂರು ಮುಚ್ಚಿದ ಒಂದು ಸಣ್ಣ ಗುಂಡಿ. ಅದರೊಳಗೆ ಇದ್ದಿಲು, ಉಪ್ಪು, ನಡುವೆ ನೆಲಕ್ಕೆ ಹುಗಿದ ತಾಮ್ರದ ಪಟ್ಟಿ. ಮನೆಯ ಅರ್ಥಿಂಗ್ ತಂತಿ ಬಂದು ಸೇರುವುದು ಅಲ್ಲಿಗೆ. ಹಂಚು ಸರಿಸಿ, ನೀರನ್ನು ನಿಧಾನವಾಗಿ ಸುರಿದು, ಅದು ಇಂಗುವ ತನಕ ನಿಂತು ನೋಡಿ, ಮತ್ತೆ ಹಂಚು ಮುಚ್ಚಿ ಬರುತ್ತಾಳೆ. ಮೈಯಲ್ಲಿ ಜ್ವರ ಇದ್ದ ದಿನವೂ ಇದು ತಪ್ಪಿದ್ದಿಲ್ಲ. ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ನೀರು ಹಾಕುವುದನ್ನು ಕಂಡು ಮಿರ್ಜಾನದ ಅರ್ಧ ಕೇರಿ ನಕ್ಕಿದೆ.

"ಸುಚಿತಕ್ಕಾ, ನಿನ್ನ ಕರೆಂಟು ದೇವ್ರಿಗೆ ಬರೀ ನೀರೇಯಾ? ಹೂವು ಗೀವು ಬ್ಯಾಡ್ವಾ?" ಎಂದು ಬೇಲಿಯಾಚೆಯಿಂದ ನೆರೆಮನೆಯ ವೀಣಾ ಕೇಳುವುದುಂಟು.

"ಹೂವೂ ಬೇಡ, ಮಿಕ್ಸಿ ಮುಟ್ಟಿ ಚಿಟಾರ್ ಅಂದ್ಕಂಡು ಕುಣಿಯೂ ನಿನ್ನಂಥ ಭಕ್ತರೂ ಬೇಡ" ಎಂದು ಇವಳು ತಿರುಗಿಯೂ ನೋಡದೆ ಹೇಳುತ್ತಾಳೆ.

ಚಿರೆಕಲ್ಲಿನ ನೆಲ ಬೇಗ ಒಣಗುತ್ತದೆ. ನೆಲ ಒಣಗಿದರೆ ದಾರಿ ತಪ್ಪಿದ ಕರೆಂಟು ಭೂಮಿಗೆ ಇಳಿಯುವುದಿಲ್ಲ. ಮುಟ್ಟಿದವರ ಮೈಮೇಲೆ ಇಳಿಯುತ್ತದೆ. ಇಷ್ಟು ಸಣ್ಣ ಮಾತನ್ನು ತಿಳಿಯದೆ ಜನ ಮನೆ ಕಟ್ಟುತ್ತಾರೆ, ಟೈಲ್ಸ್ ಹಾಕಿಸುತ್ತಾರೆ, ಗೃಹಪ್ರವೇಶಕ್ಕೆ ಊರಿಗೆಲ್ಲ ಊಟ ಹಾಕುತ್ತಾರೆ, ಅರ್ಥಿಂಗ್ ತಂತಿಯನ್ನು ಮಾತ್ರ ಗೋಡೆಯೊಳಗೆ ಎಲ್ಲಿಯೂ ಸೇರಿಸದೆ ಕತ್ತರಿಸಿ ಬಿಟ್ಟಿರುತ್ತಾರೆ. ಅಂಥವರ ಬಗ್ಗೆ ಸುಚಿತಾಳಿಗೆ ಕನಿಕರವಿಲ್ಲ. ಪ್ಲಗ್ಗು ಹಾಕಿ ಆಮೇಲೆ ಯೋಚಿಸುವವರನ್ನು ಅವಳು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕುಮಟೆಯ ಹಳೆಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಅಪ್ಪ ಮಾಬ್ಲ ನಡೆಸುತ್ತಿದ್ದ ಟಿವಿ ರಿಪೇರಿ ಅಂಗಡಿ ಅದು. ಹೊಟ್ಟೆಪಾಡಿಗೆ ಮಿಕ್ಸಿ, ಪಂಪು, ಇಸ್ತ್ರಿಪೆಟ್ಟಿಗೆ. ಆದರೆ ಭಟ್ಕಳ, ಹೊನ್ನಾವರದ ಕಡೆಯಿಂದ ಜನ ಅವಳನ್ನು ಹುಡುಕಿಕೊಂಡು ಬರುವುದು ಬೇರೆಯದಕ್ಕೆ. ನಲವತ್ತು ವರ್ಷದ ಹಿಂದೆ ದುಬೈಗೆ ಹೋದವರು ಮಕ್ಕಳಿಗೆಂದು ಮನೆ ಕಂಪ್ಯೂಟರು ತಂದಿದ್ದರು. ಕೀಲಿಮಣೆಯೊಳಗೇ ಇಡೀ ಯಂತ್ರ ಅಡಗಿರುವಂಥದ್ದು. ಟಿವಿಗೆ ಜೋಡಿಸಿದರೆ ಆಟ, ಲೆಕ್ಕ, ಚಿತ್ರ. ಮಕ್ಕಳು ದೊಡ್ಡವರಾದರು, ಯಂತ್ರಗಳು ಅಟ್ಟ ಸೇರಿದವು. ಈಗ ಆ ಮಕ್ಕಳಿಗೇ ತಲೆ ನರೆತು ಹಳೆಯ ಆಟದ ಆಸೆ ಹುಟ್ಟಿದೆ. ಅಟ್ಟದಿಂದ ಇಳಿಸುತ್ತಾರೆ, ಧೂಳು ಹೊಡೆಯುತ್ತಾರೆ, "ಬತ್ತದಾ ನೋಡ್ವ" ಎಂದು ಪ್ಲಗ್ಗು ಹಾಕುತ್ತಾರೆ. ಬರುವುದಿಲ್ಲ. ಆಗ ಸುಚಿತಾಳ ನೆನಪಾಗುತ್ತದೆ.

"ಮೊದ್ಲು ಕರೆಂಟು ಕೊಟ್ರಿ, ಆಮೇಲೆ ನನ್ನ ಹತ್ರ ಬಂದ್ರಿ. ಹೆಣ ಹೊತ್ಕಂಡು ದಾಕ್ಟ್ರ ಮನೆಗೆ ಬಂದಾಂಗೆ" ಎಂದು ಅವಳು ಶುರು ಮಾಡುತ್ತಾಳೆ. ಎದುರಿಗಿರುವವರು ಯಾರಾದರೂ ಸರಿ, ಈ ಮಾತು ಕೇಳಿಯೇ ಮುಂದಿನ ಮಾತು.

ಆ ಯಂತ್ರಗಳ ಜೊತೆ ಬಂದ ಪವರ್ ಪೆಟ್ಟಿಗೆ ಒಂದು ಇಟ್ಟಿಗೆಯ ಹಾಗಿರುತ್ತದೆ. ಒಳಗೆಲ್ಲ ಡಾಂಬರಿನಂಥ ಅಂಟು ಹೊಯ್ದು ಮುಚ್ಚಿದ್ದು. ಬಿಚ್ಚಿ ನೋಡುವಂತಿಲ್ಲ, ಬಿಸಿ ಹೊರಹೋಗುವಂತಿಲ್ಲ. ಅದು ಯಂತ್ರಕ್ಕೆ ಐದು ವೋಲ್ಟು ಕೊಡಬೇಕು. ಮುದಿಯಾದ ಪೆಟ್ಟಿಗೆ ಕೊಡುವುದು ನಿಲ್ಲಿಸಿದರೆ ತೊಂದರೆಯಿಲ್ಲ. ಅದು ನಿಲ್ಲಿಸುವುದಿಲ್ಲ. ಒಳಗೊಳಗೇ ಬಿಸಿಯೇರುತ್ತ ಹಿಡಿತ ತಪ್ಪಿ ಏಳು, ಎಂಟು ಎಂದು ಏರಿಸಿ ಕೊಡುತ್ತದೆ. ಯಂತ್ರದ ಮೆಮೊರಿ, ಅಂದರೆ ನೆನಪಿನ ಚಿಪ್ಪುಗಳು, ಆ ಕ್ಷಣವೇ ಸುಟ್ಟು ಹೋಗುತ್ತವೆ. ಹೊರಗೆ ಒಂದು ಎಳೆ ಹೊಗೆ ಕಾಣುವುದಿಲ್ಲ. ಅದಕ್ಕೇ ಸುಚಿತಾ ಯಾವ ಹಳೆಯ ಪೆಟ್ಟಿಗೆಯನ್ನೂ ನಂಬುವುದಿಲ್ಲ. ಚಕ್ಕುಲಿ ತುಂಬಿಡುವ ತಗಡಿನ ಡಬ್ಬಿಯೊಳಗೆ ಹೊಸ ಟ್ರಾನ್ಸ್‌ಫಾರ್ಮರು, ಫ್ಯೂಸು, ವೋಲ್ಟು ಒಂಚೂರು ಏರಿದರೂ ಕರೆಂಟು ಕಡಿದುಬಿಡುವ ಒಂದು ಕಾವಲು, ಇಷ್ಟನ್ನು ಕೂಡಿಸಿ, ಡಬ್ಬಿಯ ಮೈಗೆ ಅರ್ಥಿಂಗ್ ಕಟ್ಟಿ ಕೊಡುತ್ತಾಳೆ. ನೋಡಲು ಚೆಂದವಿಲ್ಲ. ಚೆಂದ ಕೇಳಿದವರಿಗೆ ಬಾಗಿಲು ತೋರಿಸುತ್ತಾಳೆ.

ಅವಳದೇ ಒಂದು ಯಂತ್ರ ಇತ್ತು. ಭಟ್ಕಳದ ಒಬ್ಬರು ಊರು ಬಿಡುವಾಗ ಮಾಬ್ಲನಿಗೆ ಕೊಟ್ಟು ಹೋದದ್ದು. ಮಾಬ್ಲನಿಗೆ ಅದರ ತಲೆಬುಡ ತಿಳಿಯಲಿಲ್ಲ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಅಂಗಡಿಯಲ್ಲಿ ಕೂತಿದ್ದ ಮಗಳು ಅದರ ಜೊತೆ ಬಂದ ಪುಸ್ತಕವನ್ನು ಡಿಕ್ಷನರಿ ಹಿಡಿದು ಓದಿ, ಗೆರೆ ಎಳೆಯುವುದನ್ನು ಕಲಿತಳು. ಕಲಿತು ಅವಳು ಎಳೆದದ್ದು ಅಜ್ಜಿ ಸುಬ್ಬಿಯ ಹಸೆಯನ್ನು.

ಸುಬ್ಬಿ ಮದುವೆಮನೆಗಳಲ್ಲಿ ಹಸೆ ಬರೆಯುವವಳು. ಗೋಡೆಗೆ ಕೆಮ್ಮಣ್ಣು ಬಳಿದು, ಶೇಡಿಮಣ್ಣಿನ ಬಿಳಿಯಲ್ಲಿ, ಹಾಡು ಹೇಳುತ್ತ ಒಂದೊಂದೇ ಗೆರೆ ಎಳೆಯುತ್ತಿದ್ದಳು. ಮೊದಲು ಚೌಕ, ಆಮೇಲೆ ಅದರೊಳಗೆ ಜಡೆಯಂತೆ ಹೆಣೆದ ಎಳೆಗಳು, ಮೂಲೆಗೊಂದು ತೆನೆ, ನಡುವೆ ಮದುಮಕ್ಕಳು ಕೂರುವ ದಂಡಿಗೆ. ಅವಳ ಹಸೆ ಉಳಿದಿದ್ದ ಕೊನೆಯ ಗೋಡೆಗೂ ಸಿಮೆಂಟು ಮೆತ್ತಿ ಹಸಿರು ಬಣ್ಣ ಹೊಡೆದರು. ಹೊಡೆಸಿದವರು ಸ್ವಂತ ಚಿಕ್ಕಪ್ಪನವರೇ. ಅವರ ವಿಷಯ ಎತ್ತಿದರೆ ಸುಚಿತಾ ಇಂದಿಗೂ ಹಲ್ಲು ಕಚ್ಚುತ್ತಾಳೆ. ಯಂತ್ರದೊಳಗಿನ ಹಸೆ ಮಾತ್ರ ಉಳಿಯಿತು. ಅದನ್ನು ತುಂಬಿಟ್ಟ ಕ್ಯಾಸೆಟ್ಟು ಓಡಿಸಿದರೆ ಪರದೆ ಕೆಂಪಾಗುತ್ತದೆ. ಸುಬ್ಬಿಯ ಕ್ರಮದಲ್ಲೇ, ಅವಳ ಕೈಯ ನಿಧಾನದಲ್ಲೇ, ಬಿಳಿ ಗೆರೆಗಳು ಒಂದೊಂದಾಗಿ ಮೂಡುತ್ತವೆ. ಆ ಮಾದರಿಯ ಬೇರೆ ಯಂತ್ರ ಓಡುವ ಸ್ಥಿತಿಯಲ್ಲಿ ಈ ಕರಾವಳಿಯಲ್ಲಿ ಉಳಿದದ್ದು ಅವಳಿಗೆ ತಿಳಿದ ಮಟ್ಟಿಗೆ ಇರಲಿಲ್ಲ. ಯಂತ್ರ ಹೋದರೆ ಹಸೆಯೂ ಹೋದ ಹಾಗೆ.

ಕೆಂಪಿನ ಮೇಲೆ ಸಣ್ಣ ಬಿಳಿ ಗೆರೆ! ಟಿವಿಗೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಆಂಟೆನಾ ತೂತಿನಿಂದ ಕೊಟ್ಟರೆ ಇಡೀ ಚಿತ್ರದ ಮೇಲೆ ಹಿಟ್ಟು ಚೆಲ್ಲಿದ ಹಾಗೆ. ಒಂದೇ ತಂತಿಯಲ್ಲಿ ಬೆಳಕು, ಬಣ್ಣ ಎರಡನ್ನೂ ತುರುಕಿ ಕೊಟ್ಟರೆ ಗೆರೆಯ ಅಂಚಿನಲ್ಲಿ ಇರುವೆ ಹರಿದಂತೆ ಚುಕ್ಕಿಗಳು. ಯಂತ್ರದ ಹಿಂದಿನ ಗುಂಡು ಸಾಕೆಟ್ಟಿನಲ್ಲಿ ಬೆಳಕಿಗೆ ಬೇರೆ, ಬಣ್ಣಕ್ಕೆ ಬೇರೆ ಕಡ್ಡಿ ಇರುವುದನ್ನು ಕಂಡುಹಿಡಿದು, ಎರಡು ತಂತಿಯಲ್ಲಿ ಬೇರೆಬೇರೆಯಾಗಿ ತಂದು, ಅಪ್ಪನ ಹಳೆಯ ದೊಡ್ಡ ಟಿವಿಗೆ ಕೊಟ್ಟ ಮೇಲೆಯೇ ಗೆರೆ ಗೆರೆಯಾದದ್ದು. ಆದರೆ ಆ ಟಿವಿಗೂ ಈಗ ವಯಸ್ಸಾಗಿದೆ. ಕೆಮ್ಮಣ್ಣು ಮಬ್ಬಾಗಿ ಬೆಲ್ಲದ ಬಣ್ಣಕ್ಕೆ ತಿರುಗಿದೆ.

ಹೀಗಿರುವಾಗ ನಾಗಪತಿ ಬಂದ.

ನಾಗಪತಿ ಹೊನ್ನಾವರದವನು. ಮಾಬ್ಲನ ಅಂಗಡಿಯಲ್ಲಿ ಸುಚಿತಾಳ ಜೊತೆಗೇ ಕೆಲಸ ಕಲಿತವನು. ಕಲಿತದ್ದು ಅರ್ಧ ಎಂಬುದು ಸುಚಿತಾಳ ಅಭಿಪ್ರಾಯ: ಪರದೆಯ ಮೇಲೆ ಚಿತ್ರ ಬಂದರೆ ಅವನಿಗೆ ಸಾಕು, ಹಿಂದೆ ತಂತಿ ಸುಡುತ್ತಿದ್ದರೂ ಮೂಗು ಮುಚ್ಚಿಕೊಂಡು ನೋಡುವ ಜಾತಿ. ಈಗ ಅವನು ಬಿಳಿ ಅಂಗಿ ತೊಟ್ಟು, ಮೊಬೈಲಿನಲ್ಲಿ ತನ್ನ ಮುಖವನ್ನು ತಾನೇ ಹಿಡಿದು 'ನಮಸ್ಕಾರ ಬಂಧುಗಳೇ' ಎನ್ನುವ ಮನುಷ್ಯ. ಹೊನ್ನಾವರಕ್ಕೆ ತಾಗಿದ ಕಾಸರಕೋಡಿನ ಸಮುದ್ರದ ಬದಿಯ ಒಂದು ವಸತಿಗೃಹದಲ್ಲಿ 'ನೆನಪಿನ ತಿಜೋರಿ' ಎಂದು ಬೋರ್ಡು ಹಾಕಿ, ಹಳೆಯ ರೇಡಿಯೋ, ಗ್ರಾಮಫೋನು, ಟೈಪ್‌ರೈಟರು ಜೋಡಿಸಿಟ್ಟಿದ್ದ. ಎಲ್ಲವಕ್ಕೂ ಕೊಬ್ಬರಿ ಎಣ್ಣೆ ಹಚ್ಚಿ ಮಿಂಚಿಸಿದ್ದ. ಒಂದೂ ಮಾತಾಡುತ್ತಿರಲಿಲ್ಲ.

"ಆಯುಧ ಪೂಜೆ ದಿನ ಉದ್ಘಾಟನೆ ಇಟ್ಕಂಡಿದ್ದೆ. ನಿನ್ನ ಮಿಷನ್ನು ಬೇಕಾಗಿತ್ತು ಸುಚಿತಾ. ಒಂದೇ ದಿನ" ಎಂದ.

"ಎಂತಕ್ಕೆ? ಎಣ್ಣೆ ಹಚ್ಚೂಕಾ?"

"ಸುಬ್ಬಜ್ಜಿ ಹಸೆ ತೋರ್ಸೂಕೆ ಮಾರಾಯ್ತಿ. ಗೋಡೆಯಷ್ಟು ದೊಡ್ಡ ಪರದೆ. ಜನ ನೋಡ್ಲಿ."

ಗೋಡೆಯಷ್ಟು ಎಂಬ ಮಾತು ಸುಚಿತಾಳೊಳಗೆ ಎಲ್ಲೋ ತಾಗಿತು. ಹಸೆ ಇರಬೇಕಾದದ್ದು ಗೋಡೆಯ ಮೇಲೆಯೇ. ಆದರೂ ಬಿಟ್ಟುಕೊಡಲಿಲ್ಲ.

"ಹೊಸ ಟಿವಿಯಾಗೆ ಅದು ಬತ್ತದಾ? ಪ್ಯಾಟೆಯಾಗೆ ಸಿಗೂ ಡಬ್ಬಿ ಹಾಕಿದ್ರೆ ಗೆರೆ ಎಲ್ಲ ನಡುಕ್ತದೆ. ಚಳಿ ಹಿಡ್ದ ಹಸೆ ನೋಡೂಕೆ ಜನ ಬರ್ಬೇಕಾ?"

"ಹೊಸ ಟಿವಿಗೆ ಚಿತ್ರ ಕೊಡೂಕೆ ನಾನೇ ಒಂದು ಪೆಟ್ಟಿಗೆ ಮಾಡಿದ್ದೆ. ಬಂದು ನೋಡು. ಸರಿ ಇಲ್ಲ ಅಂದ್ರೆ ವಾಪಸು ತಕಂಡು ಹೋಗು."

"ಬತ್ತೆ. ಒಂದು ಮಾತು. ಕರೆಂಟು ಕೊಡೂಕೆ ನನ್ನ ಡಬ್ಬಿ ಬಿಟ್ಟು ಬೇರೆ ಎಂತದೂ ಅದಕ್ಕೆ ತಾಗೂಕಾಗ."

"ಆತು, ಆತು" ಎಂದ ನಾಗಪತಿ. ಎರಡು ಸಲ ಹೇಳಿದಾಗಲೇ ತಿಳಿಯಬೇಕಿತ್ತು.

ಪೂಜೆಯ ದಿನ ಬೆಳಿಗ್ಗೆ ಅವಳು ಯಂತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೊನ್ನಾವರಕ್ಕೆ ಹೋದಳು. ಅಲ್ಲಿನ ಪ್ಲಗ್ಗಿನ ಅರ್ಥಿಂಗ್ ಪರೀಕ್ಷಿಸಿದಳು, ತನ್ನ ಡಬ್ಬಿ ಜೋಡಿಸಿದಳು, ಮೀಟರು ಹಿಡಿದು ಐದು ವೋಲ್ಟು ಖಾತ್ರಿ ಮಾಡಿಕೊಂಡಳು. ನಾಗಪತಿ ತನ್ನ ಪೆಟ್ಟಿಗೆಯನ್ನು ಪರದೆಗೆ ಸಿಕ್ಕಿಸಿದ. ಕ್ಯಾಸೆಟ್ಟು ಓಡಿತು.

ಗೋಡೆ ಕೆಂಪಾಯಿತು. ಕೆಮ್ಮಣ್ಣಿನದೇ ಕೆಂಪು. ಅದರ ಮೇಲೆ ಬಿಳಿ ಗೆರೆಯೊಂದು ಹೊರಟಿತು. ನಡುಕವಿಲ್ಲ, ಇರುವೆಯಿಲ್ಲ, ಅಂಚಿನಲ್ಲಿ ಬೇರೆ ಬಣ್ಣದ ಸೋಂಕಿಲ್ಲ. ಶೇಡಿಯಲ್ಲಿ ಅದ್ದಿದ ಕಡ್ಡಿಯಿಂದ ಈಗಷ್ಟೇ ಎಳೆದ ಹಾಗೆ. ಚೌಕ ಮುಗಿದು ಎಳೆಗಳು ಹೆಣೆದುಕೊಳ್ಳತೊಡಗಿದಾಗ ಸುಚಿತಾಳ ತುಟಿ ತಾನಾಗಿ ಅಜ್ಜಿಯ ಹಾಡಿಗೆ ಅಲುಗಿತು. ಹಳೆಯ ಯಂತ್ರ ಕೊಡುವ ಚಿತ್ರವನ್ನು ಹೊಸ ಟಿವಿ ತಪ್ಪು ತಿಳಿದು ಕಲಸಿಬಿಡದಂತೆ, ನಾಗಪತಿಯ ಪೆಟ್ಟಿಗೆ ಪ್ರತಿ ಸಾಲನ್ನೂ ಇದ್ದ ಹಾಗೇ ಎತ್ತಿ ದೊಡ್ಡದು ಮಾಡಿ ಕೊಡುತ್ತಿತ್ತು. ಇಂಥದ್ದನ್ನು ಮಾಡಲು ಅವಳಿಗೆ ಬರುತ್ತಿರಲಿಲ್ಲ.

"ಹ್ಯಾಂಗೆ?" ಎಂದ ನಾಗಪತಿ.

"ಅಡ್ಡಿಲ್ಲ" ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದ್ದಿಲ್ಲ. ಯಂತ್ರ ಆರಿಸಿ, ಉದ್ಘಾಟನೆಗೆ ಇನ್ನೂ ಹೊತ್ತಿದೆ ಎಂದು ದೇವಸ್ಥಾನಕ್ಕೆ ಹೋಗಿ, ಪ್ರಸಾದ ಊಟ ಮಾಡಿಕೊಂಡು ಬರಲು ಹೊರಟಳು.

ಅವಳು ಅತ್ತ ಹೋದದ್ದೇ ಇತ್ತ ನಾಗಪತಿ ಫೋಟೋಕ್ಕೆಂದು ಮೇಜಿನ ಮುಂದೆ ನಿಂತು ನೋಡಿದ. ಎಲ್ಲ ಚೆಂದ, ಚಕ್ಕುಲಿ ಡಬ್ಬಿಯೊಂದು ಮಾತ್ರ ಕಣ್ಣಿಗೆ ಚುಚ್ಚಿತು. ಮಾಬ್ಲನ ಅಂಗಡಿಯಿಂದ ಯಾವಾಗಲೋ ಎತ್ತಿಕೊಂಡು ಬಂದಿದ್ದ ಆ ಯಂತ್ರದ ಮೂಲ ಪವರ್ ಪೆಟ್ಟಿಗೆ ಅವನ ಬಳಿ ಇತ್ತು. ಒರಿಜಿನಲ್! ಹುಟ್ಟುಜೋಡಿಯನ್ನು ಪೂಜೆಯ ದಿನ ಬೇರೆ ಇಡುವುದುಂಟೇ? ಡಬ್ಬಿಯನ್ನು ಮೇಜಿನ ಕೆಳಗೆ ತಳ್ಳಿ ಇಟ್ಟಿಗೆಯನ್ನು ಜೋಡಿಸಿದ. ಭಟ್ಟರು ಬಂದು ಯಂತ್ರಕ್ಕೂ ಪೆಟ್ಟಿಗೆಗೂ ಗಂಧ ಹಚ್ಚಿ ಕುಂಕುಮ ಇಟ್ಟರು, ದಾಸವಾಳ ಏರಿಸಿದರು. ಪೂಜೆ ಆದ ಯಂತ್ರ ಮಂಗಳಾರತಿಯ ತನಕ ಆರಬಾರದೆಂದು ಸ್ವಿಚ್ಚು ಹಾಕಿಯೇ ಬಿಟ್ಟರು. ಇಷ್ಟಕ್ಕೆ ನಿಂತಿದ್ದರೂ ಬದುಕುತ್ತಿತ್ತೇನೋ. ಆದರೆ ನಮ್ಮ ಜಿಲ್ಲೆಯಲ್ಲಿ ಶಾಲು ಹೊದಿಸದೆ ಯಾರನ್ನೂ ಬಿಡುವ ರೂಢಿಯಿಲ್ಲ. ನಿವೃತ್ತ ಮಾಸ್ತರರಿಗೆ ಶಾಲು, ಕಬಡ್ಡಿ ಗೆದ್ದವರಿಗೆ ಶಾಲು, ಬಾವಿ ತೋಡಿಸಿದವರಿಗೆ ಶಾಲು. ನಲವತ್ತು ವರ್ಷ ಬಾಳಿದ ಹಿರಿಯ ಯಂತ್ರಕ್ಕೆ ಸನ್ಮಾನ ಬೇಡವೇ? ಕೀಲಿಮಣೆ ಮುಚ್ಚಿದರೆ ಫೋಟೋದಲ್ಲಿ ಕಾಣುವುದಿಲ್ಲ. ಹಾಗಾಗಿ ಜರಿಯಂಚಿನ ಶಾಲನ್ನು ನಾಲ್ಕು ಮಡಿಕೆ ಮಾಡಿ, ಆ ಪವರ್ ಪೆಟ್ಟಿಗೆಗೆ ಹೊದಿಸಿ, ಮೇಲೊಂದು ಗಂಧದ ಹಾರ ಹಾಕಿದ.

ಸುಚಿತಾ ವಾಪಸು ಬರುವಾಗ ಸಭೆ ತುಂಬಿತ್ತು. ಅತಿಥಿಯೊಬ್ಬರು ಕ್ಯಾಸೆಟ್ಟಿನ ಗುಂಡಿ ಒತ್ತಿ ಚಪ್ಪಾಳೆ ಹೊಡೆಸಿಕೊಂಡಾಗಿತ್ತು. ಪರದೆಯ ಮೇಲೆ ಚೌಕ ಮೂಡಿತು, ಎರಡು ಎಳೆ ಹೆಣೆದುಕೊಂಡವು. ಮೂರನೆಯ ಎಳೆ ಅರ್ಧಕ್ಕೆ ನಿಂತಿತು. ಕೆಂಪಿನ ತುಂಬ ಅರ್ಥವಿಲ್ಲದ ಅಕ್ಷರಗಳು ಚೆಲ್ಲಿದವು. ಆಮೇಲೆ ಕಪ್ಪು.

ಜನ ಅದೂ ಒಂದು ಕಲೆ ಎಂದು ತಿಳಿದು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

ಕುರ್ಚಿಗಳ ನಡುವೆ ನುಗ್ಗಿ ಬಂದು ಸುಚಿತಾ ಪ್ಲಗ್ಗು ಕಿತ್ತಳು. ಶಾಲು ಎತ್ತಿದಳು. ಅದರಡಿ ಆಗಷ್ಟೇ ಒಲೆಯಿಂದ ಇಳಿಸಿದ ಕಾವಲಿಯಂಥ ಬಿಸಿ. ಹಚ್ಚಿದ ಗಂಧ ಒಣಗಿ ಬಿರುಕು ಬಿಟ್ಟಿತ್ತು.

"ಎಂತ ಇದು?"

"ಒರಿಜಿನಲ್ ಮಾರಾಯ್ತಿ, ಅದ್ರದ್ದೇ ಜೋಡಿ..." ಎಂದು ನಾಗಪತಿ ಮೈಕಿಗೆ ಕೈ ಅಡ್ಡ ಹಿಡಿದ.

"ಜೋಡಿಗೆ ಶಾಲು ಹೊದಿಸಿ ಉಸ್ರು ಕಟ್ಟಿಸಿ ಕೊಂದ್ಯಲ್ಲ! ನಿನ್ನ ಮನೆ ಫ್ರಿಜ್ಜಿಗೂ ಒಂದು ಸನ್ಮಾನ ಮಾಡು, ಹೋಗು."

"ಹಳೇ ಮಿಷನ್ನು, ಆಯುಷ್ಯ ಮುಗ್ದಿತ್ತು ಕಾಣಸ್ತದೆ" ಎಂದು ಅವನು ಸಭೆಯ ಕಡೆ ನೋಡಿ ನಕ್ಕ.

ಸುಚಿತಾ ಕ್ಯಾಸೆಟ್ಟು ಹೊರಗೆ ತೆಗೆದಳು. ಯಂತ್ರವನ್ನು ಸೀರೆಯಲ್ಲಿ ಸುತ್ತಿದಳು. ಮೇಜಿನ ಕೆಳಗೆ ಬಗ್ಗಿ ಡಬ್ಬಿಯನ್ನು ಎಳೆದುಕೊಂಡಳು. ಬಸ್ಸಿನಲ್ಲಿ ಕೂತಾಗ, ತಾನು ಊಟಕ್ಕೆ ಹೋಗದಿದ್ದರೆ ಎಂಬ ಯೋಚನೆ ಬಂತು. ಅದನ್ನು ಅಲ್ಲೇ ಬಿಟ್ಟಳು. ದೇವರ ಪ್ರಸಾದಕ್ಕೆ ಹೋದದ್ದನ್ನು ತಪ್ಪೆಂದುಕೊಳ್ಳಲು ಅವಳ ಮನಸ್ಸು ಒಪ್ಪಲಿಲ್ಲ.

ಮನೆಯಲ್ಲಿ ಬಿಚ್ಚಿ ನೋಡಿದಳು. ತನ್ನ ಡಬ್ಬಿಯಿಂದ ಕರೆಂಟು ಕೊಟ್ಟು ಒಂದೊಂದೇ ಚಿಪ್ಪಿನ ಮೇಲೆ ಬೆರಳಿಟ್ಟಳು. ನೆನಪಿನ ಚಿಪ್ಪುಗಳಲ್ಲಿ ಹೆಚ್ಚಿನವು ಮುಟ್ಟಲಾಗದಷ್ಟು ಬಿಸಿ. ಅವು ಸತ್ತಿವೆ ಎಂದರ್ಥ. ಚಿತ್ರ ಬರೆಯುವ ಚಿಪ್ಪಿನ ಮೇಲೆ ಬೆರಳಿಡುವ ಮೊದಲು ಕಣ್ಣು ಮುಚ್ಚಿದಳು. ಅದು ಸಿಗದ ವಸ್ತು. ಅದು ಹೋಗಿದ್ದರೆ ಎಲ್ಲ ಮುಗಿದಂತೆ. ಹದವಾದ ಬಿಸಿ ಇತ್ತು. ಆ ಮಾದರಿಯಲ್ಲಿ ಅದಕ್ಕೆ ಕರೆಂಟು ಬರುವ ದಾರಿ ಬೇರೆ. ಏರಿದ ವೋಲ್ಟು ಅಲ್ಲಿಗೆ ಮುಟ್ಟಿರಲಿಲ್ಲ. "ಅಮ್ಮಾ ತಾಯಿ" ಎಂದಳು, ಅಷ್ಟೇ.

ಆಮೇಲಿನ ತಿಂಗಳುಗಳಲ್ಲಿ ಅವಳು ಭಟ್ಕಳದ ಅಟ್ಟಗಳನ್ನು ಹತ್ತಿದಳು. ಕಾಯ್ಕಿಣಿಯ ಒಂದು ಮನೆಯಲ್ಲಿ, ಮಾಡು ಸೋರಿ ತುಕ್ಕು ಹಿಡಿದ ಅದೇ ಜಾತಿಯ ಯಂತ್ರದ ಒಂದು ಬೋರ್ಡು ಕೋಳಿಗೂಡಿನ ಮೇಲೆ ಸಿಕ್ಕಿತು. "ಕೋಳಿಗೆ ಮುಚ್ಚೂಕೆ ಚೊಲೊ ಇತ್ತು" ಎಂದು ಮನೆಯವರು ಒಲ್ಲದ ಮನಸ್ಸಿನಿಂದ ಕೊಟ್ಟರು. ಕೋಳಿಗಳಿಗೆ ಮಾತ್ರ ಅದರ ಬೆಲೆ ತಿಳಿದಿತ್ತು ಎಂದು ಸುಚಿತಾ ಮನಸ್ಸಿನಲ್ಲೇ ಅಂದುಕೊಂಡಳು. ಬೆಸುಗೆ ಕಡ್ಡಿಯ ಕಾದ ತುದಿಯಿಂದ ಒಂದೊಂದೇ ಚಿಪ್ಪು ಬಿಡಿಸಿ, ಒರೆಸಿ, ತನ್ನದಕ್ಕೆ ಕೂರಿಸಿದಳು. ಸುಗ್ಗಿ ಕುಣಿಯುವವರು ಕೇರಿಗೆ ಬಂದ ಹೊತ್ತಿನಲ್ಲಿ ಅಪ್ಪನ ಟಿವಿಯ ಮೇಲೆ ಹಸೆ ಕೊನೆಯ ತೆನೆಯ ತನಕ ಮೂಡಿತು. ಮಬ್ಬಾಗಿ, ಬೆಲ್ಲದ ಬಣ್ಣದ ಮೇಲೆ. ಮರುದಿನ ಬೆಳಿಗ್ಗೆ ಅರ್ಥಿಂಗ್ ಗುಂಡಿಗೆ ಎರಡು ತಂಬಿಗೆ ನೀರು ಹೋಯಿತು.

ಸುದ್ದಿ ಹೊನ್ನಾವರಕ್ಕೆ ಮುಟ್ಟಿತು. ಒಂದು ಬೆಳಿಗ್ಗೆ ಕಾರು ಬಂದು ನಿಂತಾಗ ಸುಚಿತಾ ಹಿತ್ತಲಲ್ಲಿ ನೀರು ಇಂಗುವುದನ್ನು ನೋಡುತ್ತಿದ್ದಳು. ನಾಗಪತಿ ಮನೆ ಸುತ್ತು ಹಾಕಿ ಅಲ್ಲಿಗೇ ಬಂದ. ಇವತ್ತು ಕೈಯಲ್ಲಿ ಮೊಬೈಲು ಇರಲಿಲ್ಲ. ಬಗಲಲ್ಲಿ ಬಟ್ಟೆಯ ಚೀಲ.

"ಅದು ಮತ್ತೆ ಹತ್ತಿತಡ ಅಲ್ದಾ?"

"ಹತ್ತಿತು. ನಿನ್ನ ಸನ್ಮಾನ ತಡ್ಕಂಡೂ ಹತ್ತಿತು."

ಅವನು ಚೀಲವನ್ನು ಇನ್ನೊಂದು ಬಗಲಿಗೆ ಬದಲಿಸಿದ. "ಬರೂ ತಿಂಗಳು ಒಂದು ಕಾರ್ಯಕ್ರಮ ಇದೆ. ಮಿಷನ್ನು ಬೇಡ, ನೀನು ಬಾ. ವೇದಿಕೆ ಮೇಲೆ ಕೂರ್ಸಿ ಶಾಲು ಹೊದಿಸ್ತೆ. ಜನರ ಎದ್ರಿಗೆ ತಪ್ಪು ನಂದೇ ಅಂತ ಹೇಳ್ತೆ."

"ಶಾಲು ಹೊದಿಸಿದ್ರೆ ಎಂತಾಗ್ತದೆ ಅಂತ ನೋಡಿದ್ದೆ. ನಂಗೂ ವಯಸ್ಸಾತು ಮಾರಾಯಾ, ಬಿಸಿ ತಡೀತಿಲ್ಲ."

ಬೇಲಿಯಾಚೆ ವೀಣಾ ಕಿಸಕ್ಕನೆ ನಕ್ಕದ್ದು ಕೇಳಿಸಿತು. ನಾಗಪತಿ ನಗಲಿಲ್ಲ. ಚೀಲದಿಂದ ತನ್ನ ಪೆಟ್ಟಿಗೆಯನ್ನು ಹೊರಗೆ ತೆಗೆದು ಬಾವಿಕಟ್ಟೆಯ ಮೇಲೆ ಇಟ್ಟ. ಆ ದಿನ ಗೋಡೆಯಷ್ಟು ದೊಡ್ಡ ಹಸೆ ಮೂಡಿಸಿದ ಪೆಟ್ಟಿಗೆ.

"ಇದಾದ್ರೂ ಇಲ್ಲಿರ್ಲಿ. ನಂಗೆ ಎಂತದೂ ಬೇಡ. ನಿಮ್ಮನೆ ಸಣ್ಣ ಟಿವಿಗೂ ಆಗ್ತದೆ. ಸುಬ್ಬಜ್ಜಿ ಗೆರೆ ಚೊಕ್ಕ ಕಾಣ್ಲಿ, ಅಷ್ಟೇ."

ಸುಚಿತಾ ತಂಬಿಗೆ ಕೆಳಗಿಟ್ಟು ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಒಳಗೆ ಬೆಸುಗೆಗಳು ಸಾಸಿವೆ ಕಾಳಿನಂತೆ ಒಂದೇ ಅಳತೆಯಲ್ಲಿ ಕೂತಿದ್ದವು. ತಂತಿಗಳನ್ನು ಅಪ್ಪ ಕಲಿಸಿದ ಹಾಗೆ, ಮೂಲೆ ಮುರಿಯದೆ ಬಾಗಿಸಿ ಕಟ್ಟಿದ್ದ. ಬೈಯಲು ಏನಾದರೂ ಸಿಗುತ್ತದೆಯೋ ಎಂದು ಎರಡು ಸಲ ಹುಡುಕಿದಳು. ಸಿಗಲಿಲ್ಲ. ಕಣ್ಣ ಮುಂದೆ ಆ ಕೆಂಪು, ಅದರ ಮೇಲೆ ನಡುಗದ ಆ ಬಿಳಿ ಬಂದು ನಿಂತಿತು. ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ಅವನ ಕೈಗೆ ಕೊಟ್ಟಳು.

"ಚೊಲೊ ಮಾಡಿದ್ಯ, ನಾಗಪತಿ. ಅದ್ಕೇ ಬೇಡ. ಇದು ಇಲ್ಲಿದ್ರೆ ದಿನಾ ನೋಡಬೇಕು. ನೋಡಿದಾಗೆಲ್ಲ ನಿನ್ನ ತಪ್ಪು ಮಾಫು ಮಾಡಬೇಕಾಗ್ತದೆ. ನಂಗೆ ಅಷ್ಟು ಪುರ್ಸೊತ್ತಿಲ್ಲ. ತಕಂಡು ಹೋಗು."